ಬಿಲ್ಲುಗಾರನಿಗೆ ಹೇಳಬೇಕಾದ ಮಾತು

ತೊಂದರೆ ಶುರುವಾಗಿದ್ದು ಒಬ್ಬ ಬಿಲ್ಲುಗಾರನಿಂದ. ಓಶ್ ಊರಿನ ಬಜಾರಿನಲ್ಲಿ ಟೋಪಿ ಮಾರುವ ಎರ್ಮೆಕ್‌ಗೆ ಅವನ ಮೇಲೆ ಮನಸ್ಸಾಗಿತ್ತು. ಬಿಲ್ಲುಗಾರ ಇದ್ದದ್ದು ಕಂಪ್ಯೂಟರ್ ಆಟದೊಳಗೆ. ಜೊತೆಯಲ್ಲಿ ದಂಡಯಾತ್ರೆ ಮಾಡಿ, ರಾಕ್ಷಸರನ್ನು ಕೊಂದು, ಬೆಂಕಿಯ ಪಕ್ಕ ಕೂತಾಗ ಇಷ್ಟಪಟ್ಟವರಿಗೆ ಪ್ರೀತಿ ಹೇಳಿಕೊಳ್ಳಬಹುದಾದ ಆಟ ಅದು. ಬದುಕಿನಲ್ಲಿ ಯಾವ ಗಂಡಸಿಗೂ ಹೇಳಲಾಗದ ಮಾತನ್ನು ಅಲ್ಲಾದರೂ ಒಮ್ಮೆ ಹೇಳಬೇಕೆಂದು ಎರ್ಮೆಕ್‌ನ ಜೀವ ಹಾತೊರೆಯುತ್ತಿತ್ತು.

ಆದರೆ ಆಗ ಮನೆಯಲ್ಲಿ ಕಂಪ್ಯೂಟರು ಯಾರಿಗಿತ್ತು? ಎಲ್ಲರೂ ನೆಲಮಾಳಿಗೆಯ ಕ್ಲಬ್ಬಿಗೇ ಹೋಗಬೇಕು. ಎಂಥ ಚೆಂದದ ದಿನಗಳು ಅವು. ಆಡುವವನು ಒಬ್ಬ, ಕುರ್ಚಿಯ ಹಿಂದೆ ನಿಂತು ಬುದ್ಧಿ ಹೇಳುವವರು ಹತ್ತು ಜನ.

ಜನರಿಲ್ಲದ ಹೊತ್ತು ನೋಡಿ, ಅಂಗಡಿಗೆ ಬೀಗ ಹಾಕಿ, ಎರ್ಮೆಕ್ ಬೆಳಿಗ್ಗೆಯೇ ಕ್ಲಬ್ಬಿಗೆ ಓಡಿದ. ವ್ಯಾನು ಓಡಿಸುವ ಕುಬತ್ ಅಲ್ಲಾಗಲೇ ಚಹಾ ಹೀರುತ್ತಿದ್ದ.

“ದಂಡಿನಲ್ಲಿ ರಾಜಕುಮಾರೀನೂ ಇದಾಳಲ್ಲ, ಅವಳನ್ನ ಕೇಳೋ. ಆ ಬಿಲ್ಲಿನೋನ ಹಿಂದೆ ಯಾಕೆ ಸುತ್ತುತೀಯ?”

“ಯುದ್ಧಕ್ಕೆ ಬೇಕಲ್ಲ ಅಣ್ಣ. ನೀನು ಹೋಗಿ ಬಿಸಿ ಸಮ್ಸಾ ತಗೊಂಬಾ.”

ಕುಬತ್ ಒಲೆಯಲ್ಲಿ ಬೆಂದ ಮಾಂಸದ ಸಮ್ಸಾದ ಜೊತೆ ಅರ್ಧ ಬಜಾರನ್ನೇ ಕರೆತಂದ. ಅಷ್ಟರಲ್ಲಿ ಕರೆಂಟು ಹೋಗಿ, ಆಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕರೆಂಟು ಬಂದು, ಮತ್ತೆ ಬೆಂಕಿಯ ತನಕ ಆಡಿಕೊಂಡು ಬರುವಾಗ ಇಡೀ ಕ್ಲಬ್ಬು ಬೆನ್ನ ಹಿಂದಿತ್ತು. ಕ್ಲಬ್ಬಿನ ಒಡತಿ ಬುರುಲ್ ಅಕ್ಕನೂ ಎದ್ದು ಬಂದರು.

“ರಾಜಕುಮಾರಿಗೆ ಏನ್ ಕಡಿಮೆಯಾಗಿದೆ? ಒಳ್ಳೇ ಮನೆತನ.”

“ರಾಜಕುಮಾರೀನೇ ಒತ್ತೋ, ನಿನ್ನ ದಮ್ಮಯ್ಯ,” ಕುಬತ್ ಗೋಗರೆದ.

ಎರ್ಮೆಕ್ ಕಣ್ಣು ಮುಚ್ಚಿ ಬಿಲ್ಲುಗಾರನನ್ನು ಒತ್ತಿಬಿಟ್ಟ.

“ನೀನು ನನಗೆ ತಮ್ಮನಿದ್ದಂತೆ,” ಎಂದ ಬಿಲ್ಲುಗಾರ. “ನನ್ನ ಮನಸ್ಸು ಹೆಂಗಸರ ಕಡೆ.”

ಕ್ಲಬ್ಬು ಬಿದ್ದು ಬಿದ್ದು ನಕ್ಕಿತು. “ಬೆರಳು ಜಾರ್ತು,” ಎನ್ನುತ್ತ ಎರ್ಮೆಕ್ ತಲೆ ತಗ್ಗಿಸಿ ಹೊರಬಿದ್ದ. ನಿಜವಾದ ಮನುಷ್ಯನೊಬ್ಬ ಒಲ್ಲೆ ಎಂದಿದ್ದರೂ ಅಷ್ಟು ಸಂಕಟವಾಗುತ್ತಿರಲಿಲ್ಲ.

ಕುಬತ್ ಮೆಟ್ಟಿಲವರೆಗೂ ಹಿಂದೆಯೇ ಬಂದ. ಅವನೊಬ್ಬ ನಕ್ಕಿರಲಿಲ್ಲ.

“ಬೆಳಿಗ್ಗೆಯಿಂದ ಬಡ್ಕೊಂಡೆ, ನೀನು ಕೇಳ್ಲಿಲ್ಲ. ಹೂ ಕೊಟ್ಟು ಕೇಳಿದ್ರೂ ಅವನು ಇದೇ ಹೇಳ್ತಾನೆ. ಪ್ರಾಣ ಉಳಿಸಿ ಕೇಳಿದ್ರೂ ಇದೇ ಹೇಳ್ತಾನೆ.”

“ನಿಂಗೆ ಹೆಂಗೆ ಗೊತ್ತು?”

ಕುಬತ್ ಆಚೀಚೆ ನೋಡಿದ. “ನಂದೂ ಬೆರಳು ಜಾರಿತ್ತು. ಪ್ರತಿ ಸಲಾನೂ.”

ಎರ್ಮೆಕ್ ಅವನ ಹತ್ತಿರ ಸರಿದ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಬುರುಲ್ ಅಕ್ಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಇಬ್ಬರ ಹೆಗಲ ಮೇಲೂ ಕೈಯಿಟ್ಟರು.

“ಪಾಪ, ಇಬ್ರೂ ಒಂಟಿಯಾಗಿ ಆಟದಲ್ಲೇ ಕಾಲ ಕಳೀತೀರ. ನನ್ನ ತಂಗಿಗೆ ಬೆಳೆದ ಹೆಣ್ಮಕ್ಕಳು ಇಬ್ರಿದಾರೆ. ಭಾನುವಾರ ನೋಡೋಕೆ ಬನ್ನಿ. ನಿಮ್ಮ ಅಮ್ಮಂದಿರಿಗೆ ಈಗ ತಾನೆ ಫೋನ್ ಮಾಡಿ ಹೇಳ್ಬಿಟ್ಟೆ.”