ಒಬ್ಬರೇ ಅಜ್ಜಿ ಮೂವತ್ತೇಳು ಮಂದಿಯಾಗಿರುವ ಬಗ್ಗೆ

ಪದವಿ ವಿದ್ಯಾರ್ಥಿ ಸಂಶೋಧನಾ ವಿಭಾಗ
ಮಾನವಿಕ ಹಾಗೂ ಸಮಾಜ ವಿಜ್ಞಾನಗಳು
(ಎರಡನೇ ಮಹಡಿ, ನೀರಿನ ಡ್ರಮ್ಮು ದಾಟಿ ಎಡಕ್ಕೆ)

ಸುತ್ತೋಲೆ ಸಂಖ್ಯೆ: ಪವಿಸಂ/ಅಜ್ಜಿ/೩೭/ತಿದ್ದುಪಡಿ-೪
ದಿನ: ಶುಕ್ರವಾರ
ಸಮಯ: ೩ ಗಂಟೆ ೫೫ ನಿಮಿಷ

ವಿಷಯ: ಕಾಲೇಜು ಗೇಟಿನೆದುರು ಪುಸ್ತಕ ಹೊಲಿಯುವ ಅಜ್ಜಿಯೊಬ್ಬರೇ ಮೂವತ್ತೇಳು ಸಂಶೋಧನಾ ವರದಿಗಳಲ್ಲಿ ಮೂವತ್ತೇಳು ಬೇರೆ ಬೇರೆ ಮಾಹಿತಿದಾರರಾಗಿ ಕಾಣಿಸಿಕೊಂಡಿರುವುದು ಹಾಗೂ ತದನಂತರ ಸೂಜಿ ಕೆಳಗಿಟ್ಟಿರುವುದರ ಬಗ್ಗೆ.

ಉಲ್ಲೇಖ:
(೧) ಈ ವಿಭಾಗದ ಮಂಗಳವಾರದ ನೋಟೀಸು. (ಸದರಿ ನೋಟೀಸನ್ನು ಅಜ್ಜಿಯವರು ರಟ್ಟಿನ ಒಳಪದರಕ್ಕೆ ಬಳಸಿಕೊಂಡಿರುವುದರಿಂದ ಪ್ರತಿ ಲಭ್ಯವಿಲ್ಲ.)
(೨) ಅಜ್ಜಿಯವರ ಬುಧವಾರದ ಮೌಖಿಕ ಉತ್ತರ. ಬರೆದುಕೊಂಡವರು ಗುಮಾಸ್ತರು. ಬರೆಯಲು ನಾಚಿಕೆಯಾದ ಭಾಗವನ್ನು ಬಿಡಲಾಗಿದೆ.
(೩) ಮುಖ್ಯಸ್ಥರ ಗುರುವಾರದ ಸ್ಥಳ ಪರಿಶೀಲನೆ.

ಪ್ರಸ್ತಾವನೆ:

ಪದವಿ ತರಗತಿಯ ಪ್ರತಿಯೊಬ್ಬ ಸಂಶೋಧಕರೂ ಊರೊಳಗೆ ಓಡಾಡಿ, ಜನರನ್ನು ಕಂಡು, ಅವರು ಹೇಳಿದ್ದನ್ನು ಹೊಲಿಗೆ ಹಾಕಿದ ಇನ್ನೂರು ಪುಟದ ಕ್ಷೇತ್ರ ದಿನಚರಿಯಲ್ಲಿ ಬರೆದುಕೊಳ್ಳತಕ್ಕದ್ದು ಎಂಬುದು ಈ ವಿಭಾಗದ ಹಳೆಯ ನಿಯಮ. ಸದರಿ ದಿನಚರಿಯನ್ನು ಹೊಲಿದುಕೊಡುವವರು ಊರಿಗೆಲ್ಲ ಒಬ್ಬರೇ. ಜೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ ಒಂದು ಮಣೆ, ಒಂದು ದಬ್ಬಣ, ಒಂದು ಅಂಟಿನ ಡಬ್ಬಿ ಇಟ್ಟುಕೊಂಡು ಕೂತಿರುವ ಅಜ್ಜಿ. ಬೆನ್ನಿಗೆ ಹಚ್ಚಿದ ಅಂಟು ಒಣಗಲು ಎರಡು ಗಂಟೆ ಬೇಕು. ಆ ಎರಡು ಗಂಟೆ ಸುಮ್ಮನೆ ಕೂರಲಾರದ ವಿದ್ಯಾರ್ಥಿಗಳು ಕೈಯಲ್ಲಿದ್ದ ಬಿಡಿ ಹಾಳೆ ತೆಗೆದು, ಎದುರಿಗಿದ್ದ ಅಜ್ಜಿಯನ್ನೇ ಪ್ರಶ್ನೆ ಕೇಳಿದ್ದಾರೆ. ಅಜ್ಜಿ ಉತ್ತರ ಹೇಳಿದ್ದಾರೆ. ದಿನಚರಿ ಒಣಗುವಷ್ಟರಲ್ಲಿ ಸಂಶೋಧನೆ ಮುಗಿದಿದೆ. ಹೀಗೆ ಕ್ಷೇತ್ರಕಾರ್ಯವು ಎಲ್ಲಿಂದ ಹೊರಡಬೇಕಿತ್ತೋ ಅಲ್ಲೇ ಬಂದು ತಲುಪಿರುವುದು ಕಂಡುಬಂದಿದೆ.

ಕಳೆದ ಸೋಮವಾರ ಗುಮಾಸ್ತರು ನಲವತ್ತೊಂದು ಕರಡು ವರದಿಗಳನ್ನು ಮಾಹಿತಿದಾರರ ವಿಳಾಸವಾರು ಜೋಡಿಸುವಾಗ ಮೂವತ್ತೇಳು ಒಂದೇ ಗುಡ್ಡೆಯಾಗಿದ್ದು, ಆ ಗುಡ್ಡೆಯು ಗುಮಾಸ್ತರ ಗಲ್ಲದವರೆಗೆ ಬಂದಿರುತ್ತದೆ. (ಉಳಿದ ನಾಲ್ಕರಲ್ಲಿ ಎರಡರ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಸಂದರ್ಶಿಸಿದ್ದು, ಒಂದು ಗ್ರಂಥಾಲಯದ ಹಲ್ಲಿಯ ಬಗ್ಗೆ ಇದ್ದು, ಒಂದರಲ್ಲಿ ಕೃತಜ್ಞತೆಗಳು ಮಾತ್ರ ಇವೆ.)

ಪರಿಶೀಲಿಸಲಾಗಿ, ಸದರಿ ಅಜ್ಜಿಯವರು ಇತಿಹಾಸದ ವರದಿಯಲ್ಲಿ ನೂರೆರಡು ವರ್ಷದವರು. ಸಮಾಜಶಾಸ್ತ್ರದಲ್ಲಿ ಇಪ್ಪತ್ತೆರಡು ಜನರ ಕೂಡು ಕುಟುಂಬದ ಯಜಮಾನಿ. ಮನಶ್ಶಾಸ್ತ್ರದಲ್ಲಿ ಮಾತಾಡಿಸಲು ಒಂದು ನರಪಿಳ್ಳೆಯೂ ಇಲ್ಲದ ಒಂಟಿ ಜೀವ. ರಾಜ್ಯಶಾಸ್ತ್ರದಲ್ಲಿ ಮೂರು ಸರ್ಕಾರ ಉರುಳಿಸಿದವರು. ಭೂಗೋಳದಲ್ಲಿ ನಿವೃತ್ತ ಹಡಗಿನ ಕಪ್ತಾನರು, ಮೀಸೆ ಬೋಳಿಸಿದವರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ ವಿದ್ಯಾರ್ಥಿಗಳು ಎಲ್ಲವನ್ನೂ ಬರೆದುಕೊಂಡು, ಕೆಳಗೆ ಅಡಿಟಿಪ್ಪಣಿಯನ್ನೂ ಹಾಕಿರುತ್ತಾರೆ.

ಆದ್ದರಿಂದ ಮಂಗಳವಾರ ಈ ವಿಭಾಗವು "ಸದರಿ ಅಜ್ಜಿ ನಂಬಲರ್ಹರಲ್ಲ" ಎಂಬ ನೋಟೀಸನ್ನು ಅವರ ಮಣೆಯ ಪಕ್ಕದ ಕಂಬಕ್ಕೆ ಅಂಟಿಸಿತು. ಅಂಟು ಸಾಲದೆ ಅಜ್ಜಿಯ ಡಬ್ಬಿಯಿಂದಲೇ ಪಡೆಯಲಾಯಿತು.

ಬುಧವಾರ ಅಜ್ಜಿಯವರು ಸೂಜಿ ಕೆಳಗಿಟ್ಟರು. ಅಂತಿಮ ವರದಿಗಳು ಶುಕ್ರವಾರ ನಾಲ್ಕು ಗಂಟೆಯೊಳಗೆ ಬರತಕ್ಕದ್ದು, ಹೊಲಿಗೆಯಿಲ್ಲದ ವರದಿಯನ್ನು ಮುಟ್ಟತಕ್ಕದ್ದಲ್ಲ ಎಂಬುದೂ ಈ ವಿಭಾಗದ್ದೇ ನಿಯಮವಾಗಿರುವುದರಿಂದ, ನಲವತ್ತೊಂದು ವಿದ್ಯಾರ್ಥಿಗಳ ಒಂದು ವರ್ಷ ಮೆಟ್ಟಿಲ ಕೆಳಗೆ ಬಿಡಿ ಹಾಳೆಗಳಾಗಿ ಬಿದ್ದಿತು. ಇವರ ಪೈಕಿ ಭಾಷಾಶಾಸ್ತ್ರದ ಟೇಪಿನ ಹುಡುಗಿ (ಯಾವಾಗಲೂ ಕೊರಳಲ್ಲಿ ಟೇಪು ರೆಕಾರ್ಡರ್ ತೂಗುಹಾಕಿಕೊಂಡಿರುವವಳು) ಸ್ಥಳಕ್ಕೆ ಹೋಗಿದ್ದು, ಅಲ್ಲಿ ನಡೆದ ಮಾತನ್ನು ಗುಮಾಸ್ತರು ಈ ಕೆಳಗಿನಂತೆ ದಾಖಲಿಸಿದ್ದಾರೆ:

"ಅಜ್ಜೀ, ಶನಿವಾರ ಬೆಳಿಗ್ಗೆ ಮುಂದಿನ ಓದಿನ ಸೀಟಿಗೆ ನನ್ನ ಕರೆದಿದ್ದಾರೆ. ವರದಿ ಸಲ್ಲಿಸಿದ ಚೀಟಿ ಇಲ್ಲ ಅಂದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ."

"ಅಳಬೇಡ್ವೇ ಕೂಸೇ, ಅಂಟು ನೀರಾಗುತ್ತೆ. ನಿನ್ನ ಮೇಲೆ ನನಗೇನು ಸಿಟ್ಟು? ನಿಮ್ಮ ಮಹಡಿ ಮೇಲಿನೋರು ಕಂಬಕ್ಕೆ ಅಂಟಿಸಿದ್ದಾರಲ್ಲ, ನನ್ನ ನಂಬಬಾರದು ಅಂತ. ನನ್ನ ಮಾತು ಸುಳ್ಳಾದ್ರೆ ನನ್ನ ಹೊಲಿಗೇನೂ ಸುಳ್ಳೇ ತಾನೆ? ಸುಳ್ಳು ಹೊಲಿಗೆ ಪುಸ್ತಕ ನಿನಗ್ಯಾಕೆ?"

"ಹಾಗಾದ್ರೆ ನಿಜ ಹೇಳ್ಬಿಡಿ ಅಜ್ಜೀ, ಈಗಲೇ ಬರ್ಕೋತೀನಿ."

"ನಿಜ ಎಷ್ಟು ಗಿಡ್ಡ ಇದೆ ಗೊತ್ತೇನೇ? ಹುಟ್ಟಿದೆ, ಮದುವೆ ಆಯ್ತು, ಹೊಲಿದೆ, ಅವರು ಹೋದ್ರು, ಇನ್ನೂ ಹೊಲೀತಿದೀನಿ. ಒಂದು ಸಾಲು. ಅರವತ್ತು ಪುಟ ಇಲ್ದಿದ್ರೆ ಪಾಸಾಗಲ್ಲ ಅಂತ ನೀವೇ ಬಂದು ಗೋಳಾಡಿದ್ರಿ. ಮಿಕ್ಕ ಐವತ್ತೊಂಬತ್ತು ಪುಟ ನಿಮ್ಮ ಮೇಷ್ಟ್ರು ತುಂಬಿಸ್ತಿದ್ರಾ?"

ಈ ಪ್ರಶ್ನೆಯನ್ನು ಸೂಕ್ತ ಕ್ರಮಕ್ಕಾಗಿ ಮುಖ್ಯಸ್ಥರಿಗೆ ರವಾನಿಸಲಾಯಿತು.

ಗುರುವಾರ ಮುಖ್ಯಸ್ಥರು ಖುದ್ದಾಗಿ, ಇಬ್ಬರು ಉಪನ್ಯಾಸಕರು ಹಾಗೂ ಒಂದು ಛತ್ರಿ ಸಮೇತ, ಸ್ಥಳ ಪರಿಶೀಲನೆಗೆ ತೆರಳಿದರು. ಅಜ್ಜಿಯವರು ಕನ್ನಡಕ ಏರಿಸಿ ನೋಡಿ, "ಯಾರು, ಮಂಡಿಚಿಪ್ಪು ಮಗನಾ?" ಎಂದರು. ಮೂವತ್ತೊಂದು ವರ್ಷದ ಹಿಂದೆ ಮುಖ್ಯಸ್ಥರು ಚಿನ್ನದ ಪದಕದ ವರದಿಗಾಗಿ ಇದೇ ಮಣೆಯ ಮುಂದೆ ಮಂಡಿ ಮಡಚಿ ಎರಡು ಗಂಟೆ ಕೂತು, ಏಳಲಾರದೆ ಇಬ್ಬರ ಕೈಯಲ್ಲಿ ಎತ್ತಿಸಿಕೊಂಡು ಹೋಗಿದ್ದರೆಂಬುದು ಆಗ ಹೊರಬಿತ್ತು.

"ಏನು ಮಗಾ, ನಾನು ಹೊಲಿದ ಪುಸ್ತಕ ಬಿಚ್ಚಿಲ್ಲ ತಾನೆ? ನೂರು ವರ್ಷದ ವಿಧವೆ ಅಂತ ಬರ್ಕೊಂಡು ಹೋದೆ. ಆಗ ನನ್ನ ತಲೇಲಿ ಒಂದು ಬಿಳಿ ಕೂದಲಿಲ್ಲ. ನಮ್ಮೆಜಮಾನ್ರು ನಿನ್ನ ಪಕ್ಕದಲ್ಲೇ ಕೂತು ರಟ್ಟು ಕತ್ತರಿಸ್ತಿದ್ರು. ನೀನು ಅವರ ಸಾವಿನ ಅಧ್ಯಾಯ ಬರೀವಾಗ ನಿನಗೆ ಪೆನ್ನು ಕೊಟ್ಟಿದ್ದೂ ಅವರೇ ಕಣಪ್ಪ!"

ಮುಖ್ಯಸ್ಥರು ಛತ್ರಿ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು. ಬಿಸಿಲಾಗಲಿ ಮಳೆಯಾಗಲಿ ಇರಲಿಲ್ಲ.

ಅಜ್ಜಿಯನ್ನು ನಂಬಬಾರದು ಎಂದರೆ ಮುಖ್ಯಸ್ಥರ ಪದಕವನ್ನು ಹಿಂದಿರುಗಿಸಬೇಕು. ನಂಬಬೇಕು ಎಂದರೆ ಅವರಿಗೆ ಈಗ ನೂರಮೂವತ್ತೊಂದು ವರ್ಷ. ಅತ್ತ ದರಿ, ಇತ್ತ ಪುಲಿ. ಸೂಕ್ತ ನಿರ್ಣಯವನ್ನು ಲಿಖಿತವಾಗಿ ಕೊಡುವುದಾಗಿ ಒಪ್ಪಲಾಗಿದ್ದು, ಅಜ್ಜಿಯವರು ಇಂದು ಬೆಳಿಗ್ಗೆ ಸೂಜಿ ಎತ್ತಿಕೊಂಡಿದ್ದಾರೆ. ನಲವತ್ತು ವರದಿಗಳು ಮೇಲೆ ಬಂದಿವೆ. ಟೇಪಿನ ಹುಡುಗಿಯದೇ ಕೊನೆಯದು. ನಿರ್ಣಯದ ಕಾಗದ ಕೈಗೆ ಬಾರದೆ ಅದನ್ನು ಕೊಡುವುದಿಲ್ಲವೆಂದು ಅಜ್ಜಿ ತಿಳಿಸಿದ್ದು, ಅದರ ಅಂಟೂ ಇನ್ನೂ ಒಣಗಿಲ್ಲ.

ಮೇಲ್ಕಂಡ ಎಲ್ಲ ಅಂಶಗಳನ್ನು ಎರಡು ಸಲ ಚಹಾ ತರಿಸಿ ಪರಿಗಣಿಸಿ, ಈ ಮೂಲಕ ಆದೇಶಿಸಲಾಗಿದೆ:

೧. ಸದರಿ ಅಜ್ಜಿಯವರನ್ನು ಇಂದಿನಿಂದ ಮೂವತ್ತೇಳು ಪ್ರತ್ಯೇಕ ವ್ಯಕ್ತಿಗಳೆಂದು ಪರಿಗಣಿಸತಕ್ಕದ್ದು. ಅವರೆಲ್ಲರೂ ನಂಬಲರ್ಹರು. ಒಬ್ಬರ ಮಾತಿಗೆ ಇನ್ನೊಬ್ಬರು ಜವಾಬ್ದಾರರಲ್ಲ.

೨. ಅಜ್ಜಿಯವರ ವಯಸ್ಸು ಸೋಮವಾರ ಎಪ್ಪತ್ತೊಂದು, ಮಂಗಳವಾರ ಎಂಬತ್ನಾಲ್ಕು, ಬುಧವಾರ ಬೆಳಿಗ್ಗೆ ನೂರೆರಡು, ಊಟದ ನಂತರ ಅರವತ್ತು. ಉಳಿದ ದಿನ ಅವರ ಮರ್ಜಿ. ಭಾನುವಾರ ರಜೆಯಿರುವುದರಿಂದ ಅಂದು ಅವರಿಗೆ ವಯಸ್ಸು ಇರುವುದಿಲ್ಲ.

೩. ಅಜ್ಜಿಯವರ ಪತಿ ಈವರೆಗೆ ಒಂಬತ್ತು ವಿಧದಲ್ಲಿ ತೀರಿಕೊಂಡಿದ್ದಾರೆ: ಎರಡು ಯುದ್ಧ, ಒಂದು ಹಡಗು, ಒಂದು ಆನೆ ಇತ್ಯಾದಿ. ಇನ್ನು ಮುಂದೆ ಒಂದು ಶೈಕ್ಷಣಿಕ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಸಲ ಅವರು ತೀರಿಕೊಳ್ಳತಕ್ಕದ್ದಲ್ಲ. ಈ ಬಗ್ಗೆ ಅಜ್ಜಿಯವರನ್ನು ಕೇಳಲಾಗಿ, "ಬದುಕಿದ್ದಾಗ ಈ ಮೆಟ್ಟಿಲು ಬಿಟ್ಟು ಅತ್ತ ಇತ್ತ ಹೋದೋರಲ್ಲ. ಈಗಲಾದ್ರೂ ನಾಲ್ಕು ಕಡೆ ಸುತ್ತಾಡಿ ಬರಲಿ ಬಿಡಿ" ಎಂದಿರುತ್ತಾರೆ. ಆದ್ದರಿಂದ ಆನೆಯನ್ನು ಉಳಿಸಿಕೊಳ್ಳಲಾಗಿದೆ.

೪. ಮನಶ್ಶಾಸ್ತ್ರದವರು ಅಜ್ಜಿಯ ಒಂಟಿತನವನ್ನು ಅಳೆದು ಹತ್ತಕ್ಕೆ ಒಂಬತ್ತು ಕೊಟ್ಟಿರುತ್ತಾರೆ. ಅಳೆಯುವ ಹೊತ್ತಿನಲ್ಲಿ ಸುತ್ತ ಹದಿನಾಲ್ಕು ಜನ ಕೂತು ಹರಟುತ್ತಿದ್ದರೆಂದು ತಿಳಿದುಬಂದಿದೆ. ಮುಂದೆ ಅಳೆಯುವಾಗ ಸದರಿ ಹದಿನಾಲ್ಕು ಜನ ಹತ್ತು ನಿಮಿಷ ಮೆಟ್ಟಿಲ ಹಿಂದೆ ಅಡಗಿಕೊಳ್ಳತಕ್ಕದ್ದು. ಕಿಸಕ್ಕೆಂದು ನಕ್ಕವರ ಅರ್ಧ ಅಂಕ ಕಳೆಯಲಾಗುವುದು.

೫. ಇಪ್ಪತ್ತೆರಡು ಜನರ ಕೂಡು ಕುಟುಂಬದಲ್ಲಿ ಇಪ್ಪತ್ತು ಮಂದಿ ಅಂಟು ಒಣಗಲು ಕಾಯುತ್ತಿದ್ದ ವಿದ್ಯಾರ್ಥಿಗಳೆಂದು ಸಾಬೀತಾಗಿದೆ. ಅವರನ್ನು ಕುಟುಂಬದಿಂದ ತೆಗೆಯಲು ಅಜ್ಜಿ ಒಪ್ಪಿರುವುದಿಲ್ಲ. ವಿಚಾರಣೆಗೆ ಹೋದ ಗುಮಾಸ್ತರನ್ನೂ ಅಳಿಯನೆಂದು ಸೇರಿಸಿಕೊಳ್ಳಲಾಗಿದ್ದು, ಗುಮಾಸ್ತರ ಪತ್ನಿಯಿಂದ ತಕರಾರು ಅರ್ಜಿ ಬಂದಿದೆ.

೬. ಟೇಪಿನ ಹುಡುಗಿಯು ತುಟಿ ಕೂಡಿಸದೆ ಆಡುವ, ಹಿಂದೆಲ್ಲೂ ದಾಖಲಾಗದ ಭಾಷೆಯೊಂದನ್ನು ಪತ್ತೆ ಹಚ್ಚಿರುತ್ತಾಳೆ. ಅಜ್ಜಿಯವರು ಆಗ ತುಟಿಯ ನಡುವೆ ಸೂಜಿ ಕಚ್ಚಿಕೊಂಡು ಮಾತಾಡುತ್ತಿದ್ದರು. ಆದಾಗ್ಯೂ ಭಾಷೆ ಎಂದ ಮೇಲೆ ಭಾಷೆಯೇ. ಅದು ಪ್ರತಿದಿನ ಸಂಜೆ ಐದಕ್ಕೆ ಅಳಿದು, ಮರುದಿನ ಒಂಬತ್ತಕ್ಕೆ ಪುನಃ ಹುಟ್ಟುತ್ತದೆಂದು ವರದಿಯಲ್ಲಿ ಒಂದು ವಾಕ್ಯ ಸೇರಿಸತಕ್ಕದ್ದು.

೭. ಮೂವತ್ತೇಳು ವ್ಯಕ್ತಿಗಳ ಒಪ್ಪಿಗೆ ಪತ್ರಕ್ಕೆ ಮೂವತ್ತೇಳು ಬೇರೆ ಬೇರೆ ಹೆಬ್ಬೆಟ್ಟು ಬೇಕಾಗಿದೆ. ಅಜ್ಜಿಯವರ ಕೈಬೆರಳು ಕಾಲ್ಬೆರಳು ಎಲ್ಲ ಸೇರಿಸಿದರೂ ಹದಿನೇಳು ಕಡಿಮೆ ಬೀಳುತ್ತದೆ. ಈ ಬಗ್ಗೆ ಮೂವರ ಸಮಿತಿ ರಚಿಸಲಾಗಿದ್ದು, ಸಮಿತಿಯು ತನ್ನ ಆರು ಹೆಬ್ಬೆಟ್ಟುಗಳನ್ನು ನೀಡಿದೆ. ಇನ್ನೂ ಹನ್ನೊಂದು ಬಾಕಿ. ಆಸಕ್ತ ಸಿಬ್ಬಂದಿ ಬೆರಳು ತೊಳೆದುಕೊಂಡು ಬರಬಹುದು.

೮. ಅಜ್ಜಿಯವರು ಹೇಳುವ ಯಾವುದೇ ಸಂಖ್ಯೆಯನ್ನು ಏಳರಿಂದ ಭಾಗಿಸಿ ಬರೆದುಕೊಳ್ಳತಕ್ಕದ್ದೆಂದು ತಿದ್ದುಪಡಿ-೩ರಲ್ಲಿ ಸೂಚಿಸಲಾಗಿತ್ತು. ವಿಷಯ ಅವರ ಕಿವಿಗೆ ಬಿದ್ದು, ಅಂದಿನಿಂದ ಅವರು ಏಳರಿಂದ ಗುಣಿಸಿಯೇ ಹೇಳುತ್ತಿರುವುದರಿಂದ ಸದರಿ ಸೂಚನೆಯನ್ನು ಹಿಂಪಡೆಯಲಾಗಿದೆ.

೯. ಶುಕ್ರವಾರ ನಾಲ್ಕು ಗಂಟೆ ಎಂಬ ಗಡುವನ್ನು ಯಾವ ಕಾರಣಕ್ಕೂ ಸಡಿಲಿಸಲಾಗುವುದಿಲ್ಲ. ಆದರೆ ನಾಲ್ಕು ಗಂಟೆಯಾಗುವುದನ್ನು ಮುಂದೂಡಲಾಗಿದೆ. ಕಚೇರಿಯ ಗೋಡೆ ಗಡಿಯಾರದ ದೊಡ್ಡ ಮುಳ್ಳನ್ನು ಸ್ಟೂಲಿನ ಮೇಲೆ ನಿಂತು ಬೆರಳಿನಿಂದ ಹಿಡಿದುಕೊಂಡಿರಲು ಜವಾನರಿಗೆ ಆದೇಶಿಸಲಾಗಿದೆ. ಈ ಅವಧಿಯಲ್ಲಿ ಸಿಬ್ಬಂದಿ ಯಾರೂ ತಮ್ಮ ಕೈಗಡಿಯಾರ ನೋಡತಕ್ಕದ್ದಲ್ಲ, ಹಾಗೂ ಕಿಟಕಿಯಾಚೆ ಬಿಸಿಲು ಇಳಿದಿದ್ದರೆ ಅದನ್ನು ಗಮನಿಸತಕ್ಕದ್ದಲ್ಲ.

ಸಹಿ/-
ಮುಖ್ಯಸ್ಥರು
(ಮಂಡಿ ನೋವಿನ ಕಾರಣ ನಿಂತೇ ಸಹಿ ಮಾಡಿರುತ್ತಾರೆ)
ಸಮಯ: ಈಗಲೂ ೩ ಗಂಟೆ ೫೫ ನಿಮಿಷ

ಪ್ರತಿಗಳು:

೧ ರಿಂದ ೩೭. ಮೇಲ್ಕಂಡ ಮೂವತ್ತೇಳು ಅಜ್ಜಿಯಂದಿರಿಗೆ, ಒಬ್ಬೊಬ್ಬರಿಗೆ ಒಂದೊಂದರಂತೆ, ಒಂದೇ ಮಣೆಯ ವಿಳಾಸಕ್ಕೆ; ಸಹಿಯಾದೊಡನೆ ತಲುಪಿಸಲಾಗಿದೆ. ("ಒಬ್ಬಳಿಗೆ ಕೊಟ್ಟು ಇನ್ನೊಬ್ಬಳಿಗೆ ಬಿಟ್ರೆ ನನ್ನಲ್ಲೇ ಜಗಳ ಆಗುತ್ತೆ" ಎಂದು ತಿಳಿಸಿರುತ್ತಾರೆ.)

೩೮. ಗುಮಾಸ್ತರ ಪತ್ನಿಯವರಿಗೆ, ಸಮಾಧಾನಕ್ಕಾಗಿ.

೩೯. ಗ್ರಂಥಪಾಲಕರಿಗೆ, ಹಲ್ಲಿಗೆ ಓದಿ ಹೇಳುವ ಕೋರಿಕೆಯೊಂದಿಗೆ.

೪೦. ಪದಕ ಕೊಟ್ಟವರಿಗೆ: ಕಳುಹಿಸಬಾರದು.

೪೧. ಸ್ಟೂಲಿನ ಮೇಲೆ ನಿಂತಿರುವ ಜವಾನರಿಗೆ: ಟೇಪಿನ ಹುಡುಗಿ ವರದಿ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿರುವ ಸದ್ದು ಕೇಳಿಸುತ್ತಿದೆ. ಅವಳು ಮೇಜಿನ ಮೇಲೆ ಇಟ್ಟು, ಚೀಟಿ ಪಡೆದು, ಉಸಿರು ಬಿಟ್ಟ ನಂತರ ಮುಳ್ಳನ್ನು ಬಿಡಬಹುದು.