ಕಡಲಕುದುರೆಯ ಬಾಣಂತನ

ಪರ್ತ್‌ನಲ್ಲಿರುವ ನಮ್ಮ ಭಾವನ ಮನೆಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಬಾಣಂತನ ನಡೆಯುತ್ತಿದೆ, ಮತ್ತು ಬಾಣಂತಿ ಗಂಡಸು! ಗಾಬರಿಯಾಗಬೇಡಿ, ಭಾವನಲ್ಲ. ಅವರು ಸಾಕಿರುವ ಕಡಲಕುದುರೆ, ಅಂದರೆ ಕುದುರೆ ಮೂತಿಯ ಪುಟ್ಟ ಮೀನು. ಆ ಜಾತಿಯಲ್ಲಿ ಮರಿಗಳನ್ನು ಹೊಟ್ಟೆಯ ಚೀಲದಲ್ಲಿ ಹೊರುವುದು ಗಂಡೇ. ಇದು ತಿಳಿದ ದಿನದಿಂದ ಅಕ್ಕ ಆ ಮೀನಿಗೆ ಅಪಾರ ಗೌರವ ಕೊಡುತ್ತಾಳೆ. ಭಾವನಿಗೆ ಅದರ ಕಾಲುಭಾಗ ಕೊಟ್ಟಿದ್ದನ್ನೂ ನಾನು ಕಂಡಿಲ್ಲ.

ನಾನು ಅಡಿಲೇಡಿನಿಂದ ರಜೆಗೆಂದು ಹೋದಾಗ ಅವರ ಊಟದ ಮೇಜಿನ ಮೇಲೆ ಊಟಕ್ಕೇ ಜಾಗವಿರಲಿಲ್ಲ. ಒಂದು ದೊಡ್ಡ ದುಂಡನೆಯ ಡಬ್ಬ, ಸುತ್ತ ಕಪ್ಪು ಕಾಗದ, ಒಳಗೆ ಉಪ್ಪುನೀರು, ಗುಳುಗುಳು ಎನ್ನುವ ಗಾಳಿಯ ನಳಿಗೆ.

"ಚೌಕದ ಡಬ್ಬ ಆಗಲ್ವಾ ಭಾವ?"

"ಮೂಲೆ ಇದ್ರೆ ಮರಿಗಳು ಅಲ್ಲೇ ಸಿಕ್ಕಾಕೊಳ್ತವೆ ಕಣಯ್ಯ. ನೀನು ಮೊದ್ಲು ಕೈ ತೊಳ್ಕೊಂಡು ಬಾ. ಮೊಣಕೈವರೆಗೂ! ಸೋಪು ಬೇಡ, ಬರೀ ನೀರು."

ನಾನು ಡಬ್ಬ ಮುಟ್ಟಿರಲಿಲ್ಲ, ನೋಡಿದ್ದೆ ಅಷ್ಟೆ! ದೇವರ ಕೋಣೆಗೆ ಚಡ್ಡಿಯಲ್ಲೇ ನುಗ್ಗುವ ಮನುಷ್ಯನಿಗೆ ಈ ವಯಸ್ಸಿನಲ್ಲಿ ಇದೆಂಥ ಮಡಿ?

ಶನಿವಾರ ಬೆಳಿಗ್ಗೆ ಹೆರಿಗೆಯಾಯಿತು. ರೆಪ್ಪೆಗೂದಲಿನಷ್ಟು ಸಣ್ಣ ಮರಿಗಳು! ಅವಕ್ಕೆ ಜೀವಂತ ಆಹಾರವೇ ಆಗಬೇಕು: ಆಗಷ್ಟೇ ಮೊಟ್ಟೆಯೊಡೆದ, ಕಣ್ಣಿಗೆ ಕಾಣದಂಥ ಸಿಗಡಿ ಮರಿ. ಹುಟ್ಟಿದ ದಿನವೇ ಅದು ಸಿಗದಿದ್ದರೆ ಉಳಿಯುವುದು ಕಷ್ಟ. ಭಾವ ಸಿಗಡಿ ಮೊಟ್ಟೆಗಳನ್ನು ಹಿಂದಿನ ದಿನವೇ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಬೆಚ್ಚಗಿಟ್ಟಿದ್ದರು. ಪರ್ತ್‌ನ ಜುಲೈ ಚಳಿಯಲ್ಲಿ ಬೆಚ್ಚಗಿನ ಜಾಗ ಯಾವುದು? ನಮ್ಮವರ ಮನೆಗಳಲ್ಲಿ ಒಂದೇ ಉತ್ತರ: ದೀಪ ಮಾತ್ರ ಹಾಕಿದ ಓವನ್. ಅಕ್ಕನ ಇಡ್ಲಿ ಹಿಟ್ಟು ಉಬ್ಬುವುದೂ ಅಲ್ಲೇ ತಾನೇ? ಹಿಟ್ಟಿನ ಪಕ್ಕ ಬಾಟಲಿ ಕೂತಿತ್ತು.

ಮಧ್ಯಾಹ್ನ ಅಕ್ಕನ ಮಗಳು ಕೆಲಸದಿಂದ ಬಂದಳು. ಕನ್ನಡ ಅರ್ಥವಾದರೂ ಉತ್ತರವನ್ನು ಇಂಗ್ಲಿಷಿನಲ್ಲೇ ಕೊಡುವವಳು. ಪಿಜ್ಜಾ ಬಿಸಿ ಮಾಡಲೆಂದು, ಒಳಗೆ ನೋಡದೆಯೇ ಓವನ್ ಹಚ್ಚಿ ಸ್ನಾನಕ್ಕೆ ಹೋದಳು.

ವಾಸನೆ ಬಂದಾಗ ಎಲ್ಲರೂ ಓಡಿದೆವು. ಇಡ್ಲಿ ಹಿಟ್ಟು ಬನ್ನಾಗಿತ್ತು. ಬಾಟಲಿ ಸೊಂಟ ಮುರಿದು ಮಲಗಿತ್ತು. ನಗಲು ಬಾಯಿ ತೆರೆದವನು ಭಾವನ ಮುಖ ನೋಡಿ ಮುಚ್ಚಿಕೊಂಡೆ.

"ಡ್ಯಾಡ್, ಐ ಡಿಡಂಟ್ ನೋ!"

ಭಾವ ಬೈಯಲಿಲ್ಲ. ಅದರಿಂದಲೇ ನಮಗೆಲ್ಲ ಹೆದರಿಕೆಯಾಯಿತು. ಹೊಸ ಮೊಟ್ಟೆ ಒಡೆಯಲು ಇನ್ನೂ ಒಂದು ದಿನ ಬೇಕು. ಅಂಗಡಿಗಳಿಗೆಲ್ಲ ಫೋನು ಮಾಡಿದರು, ಎಲ್ಲೂ ಇಲ್ಲ. ಕೊನೆಗೆ ಊರಾಚೆಯ ಸ್ವಾನ್ ವ್ಯಾಲಿಯ ಕಡೆ ಮೀನು ಸಾಕುವ ಒಬ್ಬರು, ತಮ್ಮಲ್ಲಿದೆ, ಬೇಗ ಬನ್ನಿ ಎಂದರು. ಭಾವ ಫೋನಿಡುವ ಮುಂಚೆಯೇ ಮಗಳು ಕಾರಿನ ಕೀಲಿ ಕಸಿದುಕೊಂಡು ಓಡಿದ್ದಳು.

ನಾವು ಮೂವರು ಡಬ್ಬದ ಸುತ್ತ ಕೂತೆವು. ಮರಿಗಳು ಬರೀ ನೀರಿಗೆ ಮೂತಿ ಚಾಚುತ್ತಿದ್ದವು. ಒಂದೆರಡು ಮೇಲಕ್ಕೆ ತೇಲಿ ಅಲುಗಾಡದೆ ನಿಂತವು.

"ಸತ್ತೋದ್ವಾ?" ಎಂದೆ.

"ಸುಮ್ನಿರಯ್ಯ!" ಭಾವ ಡಬ್ಬದ ಮೇಲೆ ಇನ್ನಷ್ಟು ಬಾಗಿದರು. ಅಕ್ಕ ಕಾಫಿ ತಂದಿಟ್ಟಳು. ಅದು ಕೆನೆಗಟ್ಟಿತೇ ಹೊರತು ಯಾರೂ ಮುಟ್ಟಲಿಲ್ಲ.

ಸಂಜೆಯ ಹೊತ್ತಿಗೆ ಮಗಳು ಸಿಗಡಿ ಮರಿಗಳ ಬಾಟಲಿಯನ್ನು ಸ್ವೆಟರಿನೊಳಗೆ ಅವಚಿಕೊಂಡು ಬಂದಳು. ಬಂದವಳೇ ಹನಿ ಹಾಕುವ ಡ್ರಾಪರಿಗೆ ಕೈ ಹಾಕಿದಳು.

"ಕೈ ತೊಳ್ಕೋ ಪುಟ್ಟಿ, ಮೊಣಕೈವರೆಗೂ."

"ಸೀರಿಯಸ್ಲಿ ಡ್ಯಾಡ್? ನೌ?"

ಆಗ ಅಕ್ಕ ಬಾಯಿಬಿಟ್ಟಳು. "ನೀನು ದಿನ ತುಂಬೋಕೆ ಮುಂಚೆನೇ ಹುಟ್ಟಿದ್ದಲ್ವೇನೆ? ಆಸ್ಪತ್ರೇಲಿ ಗಾಜಿನ ಪೆಟ್ಟಿಗೇಲಿ ಇಟ್ಟಿದ್ರು. ಮೊಣಕೈವರೆಗೂ ತೊಳೀದೆ ಯಾರನ್ನೂ ಮುಟ್ಟೋಕೆ ಬಿಡ್ತಿರ್ಲಿಲ್ಲ. ನಿನ್ನ ಒಂದು ಬೆರಳು ಹಿಡ್ಕೊಳ್ಳೋಕೆ ನಿಮ್ಮಪ್ಪ ತೊಳ್ದೂ ತೊಳ್ದೂ ಕೈ ಸಿಪ್ಪೆ ಎದ್ದುಹೋಗಿತ್ತು."

ಅವಳು ಬೇಗ ಹುಟ್ಟಿದ್ದು ನನಗೆ ಗೊತ್ತಿತ್ತು. ಈ ಕೈಗಳ ಕಥೆ ಗೊತ್ತಿರಲಿಲ್ಲ. 

ಅವಳು ಸಿಂಕಿನ ಬಳಿ ಹೋಗಿ ತೋಳು ಮಡಚಿದಳು. "ಇಲ್ಲೀವರೆಗಾ, ಅಪ್ಪಾ?"

ಕನ್ನಡದಲ್ಲಿ! ಭಾವ ಬರೀ ತಲೆಯಾಡಿಸಿದರು.

ಹನಿಗಳು ಬಿದ್ದವು. ಒಂದು ಮರಿ ಟಕ್ಕನೆ ತಲೆ ಕುಕ್ಕಿ ನುಂಗಿತು. ಆಮೇಲೆ ಇನ್ನೊಂದು. "ತಿಂತಿದಾವೆ! ಭಾವ, ತಿಂತಿದಾವೆ!" ಎಂದು ನಾನು ಕೂಗಿಕೊಂಡೆ. ಭಾವ ಡಬ್ಬದ ಕಡೆ ನೋಡುತ್ತಲೇ ಇರಲಿಲ್ಲ. ಮಗಳ ಒದ್ದೆ ಕೈಯ ಒಂದು ಬೆರಳನ್ನು ಹಿಡಿದುಕೊಂಡು ನಿಂತಿದ್ದರು.