ಟಾಪ್ ಮಾಡೆಲ್‌ಗೆ ಬಾಸಿಂಗ

ಸಿಂದಗಿ ತಾಲ್ಲೂಕಿನಲ್ಲಿ ಕಾರಿನ ವಿಷಯ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂದು ನಾನು ಎದೆ ತಟ್ಟಿ ಹೇಳುತ್ತಿದ್ದೆ. ಮಗಳ ಮದುವೆಯ ದಿನದವರೆಗೆ ಹೇಳುತ್ತಿದ್ದೆ. ಈಗ ಯಾರಾದರೂ ಕಾರಿನ ಸುದ್ದಿ ತೆಗೆದರೆ ಎದ್ದು ಹೋಗಿ ನೀರು ಕುಡಿದು ಬರುತ್ತೇನೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರ. ಸ್ವಂತಕ್ಕೆ ಇರುವುದು ಒಂದು ಹಳೆಯ ಸ್ಕೂಟರು. ಅದನ್ನು ಒಂದು ಕಡೆಗೆ ವಾಲಿಸಿ, ಬೈದು, ಒದ್ದರೆ ಮಾತ್ರ ಚಾಲೂ ಆಗುತ್ತದೆ. ಆದರೆ ಜ್ಞಾನಕ್ಕೂ ಸ್ಕೂಟರಿಗೂ ಏನು ಸಂಬಂಧ? ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಒಂದು ಐಷಾರಾಮಿ ದೊಡ್ಡ ಗಾಡಿಯ ಪೂರ್ತಿ ಇತಿಹಾಸವನ್ನು ಬಾಯಿಪಾಠ ಮಾಡಿದ್ದೆ. ಆ ಗಾಡಿಯ ಹೆಸರು ಇಲ್ಲಿ ಬರೆಯುವುದಿಲ್ಲ. ತಪ್ಪು ಗಾಡಿಯದಲ್ಲ!

ಮಕ್ಕಳಿಗೆ ಮೊಘಲರ ವಂಶಾವಳಿ ಹೇಳುವ ದನಿಯಲ್ಲೇ ನಾನು ಅದರ ವಂಶಾವಳಿ ಹೇಳುತ್ತಿದ್ದೆ. ಮೊದಲ ತಲೆಮಾರು ಪೆಟ್ಟಿಗೆಯಂತಿತ್ತು, ಎರಡೇ ಬಾಗಿಲು. ಗುಡ್ಡಗಾಡಿನ ಒಕ್ಕಲಿಗರಿಗೆಂದು ಮಾಡಿದ್ದು. ಒಳಗೆ ರಾಡಿಯಾದರೆ ಪೈಪು ಹಿಡಿದು ತೊಳೆಯಬಹುದಿತ್ತು. ಎರಡನೆಯದಕ್ಕೆ ನಾಲ್ಕು ಬಾಗಿಲು ಬಂದವು, ಕೆಳಗೆ ಜಮಖಾನೆ ಬಂತು. ಮೂರನೆಯದಕ್ಕೆ ಚರ್ಮದ ಸೀಟು, ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲ. ಈಗಿನದಕ್ಕೆ ಮೈತುಂಬ ಕಂಪ್ಯೂಟರು. ಹೊಲಕ್ಕೆಂದು ಹುಟ್ಟಿದ ಗಾಡಿ ಬೆಳೆಯುತ್ತಾ ಬೆಳೆಯುತ್ತಾ ಹೊಲದ ಮಣ್ಣು ಕಂಡರೆ ಮೂಗು ಮುರಿಯುವಂತಾಯಿತು. ನಮ್ಮ ಸಂಬಂಧಿಕರಲ್ಲೂ ಇಂಥ ಕೆಲವರಿದ್ದಾರೆ.

ಅವರಲ್ಲಿ ಮುಖ್ಯರು ನನ್ನ ಸಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ನಾಲತವಾಡದ ಶರಣಗೌಡರು. ದೊಡ್ಡ ತೊಗರಿ ವ್ಯಾಪಾರಿ. ಮದುವೆಯಾದಾಗಿನಿಂದ ನನ್ನನ್ನು ಅವರು ಕುರ್ಚಿ ಸರಿಸಲು, ನೀರು ತರಿಸಲು ಬಿಟ್ಟರೆ ಬೇರೆ ಯಾವುದಕ್ಕೂ ಕರೆದವರಲ್ಲ. ಅಂಥವರು ಆ ಗಾಡಿ ಕೊಳ್ಳಲು ಮನಸ್ಸು ಮಾಡಿದಾಗ ಮೊದಲ ಬಾರಿ ನನಗೆ ಫೋನು ಮಾಡಿದರು.

"ಮಾಸ್ತರ, ಇದರಾಗ ನಾಲ್ಕು ನಮೂನಿ ಅದಾವಂತ. ಮೂರನೇದು ಸಾಕಾಗೂದಿಲ್ಲೇನು?"

ಗೌಡರು ನನ್ನನ್ನು ಕೇಳುತ್ತಿದ್ದಾರೆ! ನಾನು ಗಂಟಲು ಸರಿಮಾಡಿಕೊಂಡೆ.

"ಗೌಡ್ರ, ಮೂರನೇದ್ರಾಗ ಎಲ್ಲಾ ಐತ್ರಿ. ಆದ್ರ ಮುಂದ ಯಾರರ ಅಡ್ಡ ಬಂದ್ರ ತಾನಾಗೇ ಬ್ರೇಕ್ ಹಾಕೂದು ಬರೇ ಟಾಪ್ ಮಾಡೆಲ್‌ಗೆ ಐತಿ. ತಗೊಂಡ್ರ ಟಾಪ್ ತಗೋರಿ. ಇಲ್ಲಂದ್ರ ತಗೋಬ್ಯಾಡ್ರಿ."

ಗೌಡರು ಟಾಪ್ ಮಾಡೆಲ್ ತಗೊಂಡರು. ಅಂದು ನನ್ನ ಗೋರಿಗೆ ನಾನೇ ಗುದ್ದಲಿ ಹಾಕಿದೆ.

ಅದೇ ಖುಷಿಯಲ್ಲಿ ಅವರು ನನ್ನ ಮಗಳು ರೂಪಾಳ ಮದುವೆಗೆ ಗಾಡಿ ಕೊಡುತ್ತೇನೆಂದು ನಾಲ್ಕು ಮಂದಿಯ ಮುಂದೆ ಹೇಳಿಬಿಟ್ಟರು. ಗಂಡಿನವರು ಇಂಡಿಯವರು, ಲಿಂಬಿ ತೋಟದವರು. ಮದುವೆ ಬಸವನ ಬಾಗೇವಾಡಿಯ ಕಲ್ಯಾಣ ಮಂಟಪದಲ್ಲಿ. ಇಂಡಿಗೆ ಹೋಗಿ ಮದುಮಗನನ್ನು ಕರೆತರುವುದು ಹೆಣ್ಣಿನವರಾದ ನಮ್ಮ ಕೆಲಸ. ಹೆಂಡತಿ ಶಾಂತಾ ಮೊದಲೇ ಬೇಡವೆಂದಳು.

"ರೀ, ಒಂದು ಬಾಡಗಿ ಕ್ರೂಸರ್ ಜೀಪ್ ಹೇಳ್ರಿ, ಸಾಕು. ನಾ ಟ್ರ್ಯಾಕ್ಟರಿನ್ಯಾಗ ಬಂದು ಲಗ್ನಾ ಮಾಡ್ಕೊಂಡಿಲ್ಲೇನು?"

"ಅದರ ಫಲ ಏನಾತು ಗೊತ್ತೈತಲ್ಲ?"

"ಗೊತ್ತೈತ್ರಿ. ದಿನಾ ಮುಂಜಾನೆದ್ದು ಅದನ್ನ ನೋಡಾಕತ್ತೇನಿ," ಎಂದು ನನ್ನನ್ನೇ ನೋಡಿದಳು.

ಮದುಮಗನನ್ನು ತರಲು ಹೆಣ್ಣಿನ ಸೋದರಮಾವನೋ ಚಿಕ್ಕಪ್ಪನೋ ಹೋಗುವುದು ರೂಢಿ. ತಂದೆ ಹೋಗುವುದಿಲ್ಲ, ಅವನು ಮಂಟಪದಲ್ಲಿರಬೇಕು. ಆದರೆ ಟಾಪ್ ಮಾಡೆಲನ್ನು ಸೋದರಮಾವನ ಕೈಗೆ ಕೊಡಲಾಗುತ್ತದೆಯೇ? ಗಾಳಿ ಚೀಲದ ಗುಂಡಿ ಎಲ್ಲಿದೆ ಎನ್ನುವುದೇ ಅವನಿಗೆ ಗೊತ್ತಿಲ್ಲ! ನಾನೇ ಹೋಗುತ್ತೇನೆಂದು ಘೋಷಿಸಿದೆ. ಆಗ ರೂಪಾ ನನ್ನನ್ನು ಬದಿಗೆ ಕರೆದಳು.

"ಅಪ್ಪಾ, ಗಾಡಿ ಯಾವುದರ ಇರ್ಲಿ. ಅಕ್ಕಿಕಾಳ ಬೀಳೂ ಹೊತ್ತಿಗೆ ನೀ ನನ್ನ ಹಿಂದ ನಿಂತಿರಬೇಕು ನೋಡು. ನನಗ ಅಷ್ಟ ಬೇಕಾಗೈತಿ."

ಅಕ್ಷತೆಗೆ ನಮ್ಮ ಕಡೆ ಅಕ್ಕಿಕಾಳು ಎನ್ನುತ್ತೇವೆ. ಅದು ಬಿತ್ತೆಂದರೆ ಮದುವೆಯಾಯಿತು.

"ಹುಚ್ಚಿ, ಗಾಳಿ ಬಂದಂಗ ಬರ್ತೇನಿ," ಎಂದೆ.

ಮದುವೆಯ ದಿನ ನಸುಕಿನಲ್ಲೇ ಇಂಡಿ ಮುಟ್ಟಿದೆ. ಗಾಡಿ ನೋಡಲು ಓಣಿಯೇ ಸೇರಿತು. ನನಗೆ ಇನ್ನೇನು ಬೇಕು? ಪಾಠ ಶುರು ಮಾಡಿದೆ. ಮದುಮಗ ಪ್ರಶಾಂತನ ಅಜ್ಜಿ ಗುರುಬಾಯಿ ಎಲ್ಲರಿಗಿಂತ ಮುಂದೆ ನಿಂತಿದ್ದರು. ಅವರು ಹತ್ತಲೆಂದು ಗುಂಡಿ ಒತ್ತಿದೆ. ಗಾಡಿ ಉಸ್ಸೆಂದು ಕೆಳಗೆ ಕುಸಿಯಿತು.

"ಏ, ಗಾಡಿ ಶರಣು ಮಾಡ್ತು ನೋಡ್ರಲೇ!" ಎಂದು ಅಜ್ಜಿ ತಾವೂ ಕೈ ಮುಗಿದರು.

"ಇದೇನ್ ನೋಡ್ತೀರಿ ಅಜ್ಜಿ, ಇಲ್ಲಿ ನೋಡ್ರಿ," ಎಂದು ನಾನು ಗಾಡಿಯ ಮೂತಿಯ ಮೇಲಿನ ಕಂಪನಿಯ ಗುರುತು ತೋರಿಸಿದೆ. "ಇದರ ಹಿಂದ ಒಂದು ಕಣ್ಣು ಐತಿ. ಗಾಜಿನ ಮ್ಯಾಲ ಇನ್ನೊಂದು ಐತಿ. ಮುಂದ ಏನರ ಅಡ್ಡ ಬಂತಂದ್ರ ಗಾಡಿ ತಾನ ನಿಲ್ಲತೈತಿ. ಟಾಪ್ ಮಾಡೆಲ್‌ಗೆ ಅಷ್ಟ!"

"ಕಣ್ಣು ಐತಂದ್ರ ಹಣಿನೂ ಐತಿ. ಹಣಿ ಐತಂದ್ರ ಬಾಸಿಂಗ ಬೇಕಲ್ಲೋ ಬೀಗಾ. ಮದುಮಗನ್ನ ಹೊತ್ತು ಹೋಗೂ ಗಾಡಿ ಬರೇ ಹಣಿಲೆ ಹೋಗತೈತೇನು?"

ಅಜ್ಜಿ ಒಳಗಿನಿಂದ ಇನ್ನೊಂದು ಬಾಸಿಂಗ ತಂದೇಬಿಟ್ಟರು, ಮದುಮಗನ ಹಣೆಗೆ ಕಟ್ಟಿದಂಥದ್ದೇ. ಜನ ನಕ್ಕರು, ನಾನೂ ನಕ್ಕೆ. ಬೇರೆಯವರು ಕಟ್ಟಿದರೆ ಓರೆಯಾದೀತೆಂದು ನಾನೇ ಅದನ್ನು ಆ ಗುರುತಿನ ಮೇಲೆ, ಸರಿಯಾಗಿ ನಟ್ಟನಡುವೆ, ಬಿಗಿಯಾಗಿ ಕಟ್ಟಿದೆ. ಎರಡೂ ಕಡೆ ಬಾಳೆಕಂದು ನಿಲ್ಲಿಸಿದೆ. ಅವರದೇ ತೋಟದ ಲಿಂಬಿಹಣ್ಣಿನ ಮಾಲೆ ಇಳಿಬಿಟ್ಟೆ. ಗಾಜಿನ ನೆತ್ತಿಯ ಮೇಲೆ ಮೂರು ಬೆರಳಿನಿಂದ ದಪ್ಪಗೆ ವಿಭೂತಿ ಎಳೆದೆ. ಈಗ ತಾನೇ ಎರಡು ಕಣ್ಣುಗಳ ಬಗ್ಗೆ ಭಾಷಣ ಮಾಡಿದವನು ನಾನೇ! ಆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದವನೂ ನಾನೇ!

ಹೊರಡುವ ಮುಂಚೆ ಮದುಮಗ ಮೇಲ್ಛಾವಣಿಯ ಗಾಜು ಸರಿಸಿ ಎದ್ದು ನಿಂತು ಕೈ ಬೀಸಿದ. ಓಣಿಯವರು ಚೆಂಡುಹೂವು, ಚುರುಮುರಿ ತೂರಿದರು. ಅವೆಲ್ಲ ಗಾಜು ಸರಿಯುವ ಸಂದಿಯಲ್ಲಿ ಸೇರಿಕೊಂಡು ಛಾವಣಿ ಮುಚ್ಚಲೇ ಇಲ್ಲ. ಇರಲಿ, ಗಾಳಿ ಬರುತ್ತದೆ ಎಂದೆ. ಬೀಗರ ಬಸ್ಸು ಮುಂದೆ ಹೋಯಿತು. ಹಿಂದೆ ನಾವು ಮೂವರು: ಮದುಮಗ, ಅಜ್ಜಿ, ಮತ್ತು ಸಾರಥಿಯಾಗಿ ನಾನು.

ವಿಜಯಪುರದವರೆಗೆ ಗಾಡಿ ಒಂದೆರಡು ಬಾರಿ ಕುಂಯ್ ಎಂದಿತು. ಊರು ದಾಟಿದ ಮೇಲೆ ಒಂದು ಉಬ್ಬಿನ ಹತ್ತಿರ ನಿಧಾನ ಮಾಡಿದೆ, ಬಾಳೆಕಂದು ಮುಂದಕ್ಕೆ ತಲೆದೂಗಿತು. ಅಷ್ಟೇ! ಗಾಡಿ ಗಕ್ಕನೆ ನಿಂತಿತು. ಮದುಮಗ ಮುಂದಿನ ಸೀಟಿಗೆ ಹಣೆ ಚಚ್ಚಿಕೊಂಡ. ಬಾಸಿಂಗ ಮೂಗಿಗೆ ಇಳಿಯಿತು. ಅಜ್ಜಿ ಸೀಟಿನಿಂದ ಜಾರಿ ಕೆಳಗೆ ಕೂತರು.

"ಏನಾತೋ ಬೀಗಾ?"

"ಮುಂದ ಏನೋ ಬಂದಿತ್ರಿ ಅಜ್ಜಿ. ನಮಗ ಕಂಡಿಲ್ಲ, ಗಾಡಿಗೆ ಕಂಡೈತಿ."

"ಯಪ್ಪಾ! ನಮಗ ಕಾಣಲಾರದ್ದು ಗಾಡಿಗೆ ಕಾಣತೈತೇನು?" ಅಜ್ಜಿ ಮಡಿಲಲ್ಲಿದ್ದ ಲಿಂಬಿಹಣ್ಣೊಂದನ್ನು ಮದುಮಗನ ಮುಖಕ್ಕೆ ನಿವಾಳಿಸಿ ತೆರೆದ ಛಾವಣಿಯಿಂದ ಹೊರಗೆ ಒಗೆದರು.

ಅಲ್ಲಿಂದ ಮುಂದೆ ಇದೇ ಕಥೆ. ಗಾಡಿ ಓಡುವುದು, ಕಂದು ತೂಗುವುದು, ಗಾಡಿ ನಿಲ್ಲುವುದು, ಅಜ್ಜಿ ಜಾರುವುದು, ಲಿಂಬಿಹಣ್ಣು ಹಾರುವುದು. ಹಿಂದಿನಿಂದ ಬಂದ ಲಾರಿಯವನು ನಮ್ಮ ಕುಲಗೋತ್ರವನ್ನೆಲ್ಲ ಉದ್ಧಾರ ಮಾಡಿ ಹೋದ. ಕೊನೆಗೆ ಮದುಮಗ ಬಾಯಿ ತೆಗೆದ.

"ಮಾವಾರ, ಮುಂದ ಕಟ್ಟಿದ್ವಲ್ರಿ ಬಾಸಿಂಗ, ಕಂದು, ಅದಕ್ಕ ಹಿಂಗ ಆಗಾಕತ್ತೈತೇನ್ರಿ?"

ಹುಡುಗ ಸರಿಯಾಗಿ ಹೇಳಿದ್ದ. ಆದರೆ ನಾನು ಮಾವ. ಮೇಲಾಗಿ ಮಾಸ್ತರ. "ಇದು ಟಾಪ್ ಮಾಡೆಲ್ ಐತ್ರಿ ಅಳಿಯಂದ್ರ. ಹೂವಿಗೆ ಹೆದರೂವಂಥಾದ್ದಲ್ಲ," ಎಂದು ನಕ್ಕೆ. ಅಜ್ಜಿಯೂ ಹಿಂದಿನಿಂದ ಗದರಿದರು. "ಅಕ್ಕಿಕಾಳ ಬೀಳೂ ಮಟ ಬಾಸಿಂಗಕ್ಕ ಯಾರೂ ಕೈ ಹಚ್ಚಬ್ಯಾಡ್ರಿ. ನಡುವ ಬಿಚ್ಚಿದ್ರ ಮದುಮಕ್ಕಳಿಗೆ ಒಳ್ಳೇದಲ್ಲ."

ಮನಗೂಳಿ ದಾಟಿ ಸ್ವಲ್ಪ ದೂರದಲ್ಲಿ ತೊಗರಿ ಹೊಲಗಳ ನಡುವೆ ಗಾಡಿ ಕೊನೆಯ ಬಾರಿ ನಿಂತಿತು. ಎಂಜಿನ್ನೂ ಬಂದಾಯಿತು. ಪರದೆಯ ಮೇಲೆ ಕಂಪನಿಯ ಸರ್ವಿಸಿನವರನ್ನು ಸಂಪರ್ಕಿಸಿ ಎಂಬ ಅಕ್ಷರಗಳು ಮೂಡಿದವು. ಹತ್ತಿರದ ಸರ್ವಿಸು ಎಂದರೆ ಜಿಲ್ಲೆಯ ಆಚೆ! ಮುಹೂರ್ತ ಹತ್ತಿರವಾಗುತ್ತಿತ್ತು. ಶಾಂತಾಳ ಫೋನು ಬಂತು. "ಎಲ್ಲಿದ್ದೀರಿ?" ಎಂದಳು. "ಬಂದ್ವಿ" ಎಂದೆ.

ಅಷ್ಟರಲ್ಲಿ ಕಳೆ ತೆಗೆಯಲು ಹೊರಟ ಹೆಣ್ಣುಮಕ್ಕಳನ್ನು ತುಂಬಿಕೊಂಡು ಒಂದು ಟಂಟಂ ಆಟೊ ಬಂತು. ಬಾಸಿಂಗ ಕಟ್ಟಿದ ಮದುಮಗ ರಸ್ತೆಯಲ್ಲಿ ನಿಂತದ್ದು ನೋಡಿ ಅವರೇ ನಿಲ್ಲಿಸಿದರು. ಕೆಲವರು ಇಳಿದು ಜಾಗ ಮಾಡಿಕೊಟ್ಟರು. ಅಜ್ಜಿ ಹತ್ತಿದರು, ಮದುಮಗ ಕುರ್ಪಿ, ಬುತ್ತಿಗಂಟುಗಳ ನಡುವೆ ಕೂತ.

"ನೀವೂ ಬರ್ರಿ ಯಜಮಾನ್ರ, ಹಿಂದ ಜೋತು ಬೀಳ್ರಿ," ಎಂದ ಟಂಟಂನವನು.

ನಾನು ಒಂದು ಕಾಲು ಇಟ್ಟೆ. ಆಗಲೇ ಮಂಟಪದಿಂದ ಗೌಡರ ಫೋನು. ನಿಂತ ಸುದ್ದಿ ಹೇಳಿದೆ. ಛಾವಣಿ ಮುಚ್ಚುತ್ತಿಲ್ಲ ಎಂದೂ ಹೇಳಿದೆ.

"ಮಾಸ್ತರ, ಛಾವಣಿ ತೆಗೆದಿಟ್ಟು ನನ್ನ ಗಾಡಿ ರಸ್ತಾದಾಗ ಬಿಟ್ಟು ಬಂದೀರಿ ನೋಡ್ರಿ ಮತ್ತ! ಟಾಪ್ ತಗೋ ಅಂದವ್ರು ನೀವು."

ಇಟ್ಟ ಕಾಲು ತೆಗೆದೆ. ಟಂಟಂ ಹೋಯಿತು. ಮದುಮಗ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದ.

ಒಬ್ಬನೇ ಉಳಿದೆ. ಗಾಡಿಯ ಸುತ್ತ ತಿರುಗಿದೆ. ಆ ಗುಂಡಿ ಒತ್ತಿದೆ, ಈ ಗುಂಡಿ ಒತ್ತಿದೆ. ಗಾಡಿ ಕುಸಿಯಿತು, ಎದ್ದಿತು, ಮತ್ತೆ ಕುಸಿಯಿತು. ಮುಂದಕ್ಕೆ ಮಾತ್ರ ಹೋಗಲಿಲ್ಲ. ಬೆವರು ಒರೆಸಿಕೊಳ್ಳುತ್ತ ಅದರ ಮುಖಾಮುಖಿ ನಿಂತಾಗ ತಲೆಗೆ ಹೊಳೆಯಿತು. ಅದು ನಿಜವಾಗಿ ಹೊಳೆದದ್ದೇನಲ್ಲ, ಅಳಿಯ ಹೇಳಿದ್ದನ್ನು ಈಗ ಒಪ್ಪಿಕೊಂಡೆ, ಅಷ್ಟೇ. ಕಂದು ಕಿತ್ತೊಗೆದೆ. ಲಿಂಬಿ ಮಾಲೆ ಹರಿದೆ. ಧೋತರದ ಚುಂಗಿನಿಂದ ವಿಭೂತಿ ಒರೆಸಿದೆ. ಗಾಡಿ ಚಾಲೂ ಆಗಲಿಲ್ಲ. ಉಳಿದದ್ದು ಬಾಸಿಂಗ.

ಅದರ ಗಂಟಿಗೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು. ನಾನು ಇಂಥವನ್ನು ನಂಬುವವನಲ್ಲ. ಮೂಢನಂಬಿಕೆಯ ಮೇಲೆ ಶಾಲೆಯಲ್ಲಿ ಭಾಷಣ ಸ್ಪರ್ಧೆ ಇಡುವವನೇ ನಾನು! ಆದರೆ ಮಗಳ ಬಾಳುವೆ. ನಾಳೆ ಅವಳಿಗೆ ಒಂದು ತಲೆನೋವು ಬಂದರೂ ಈ ಗಂಟು ನೆನಪಾಗುತ್ತದಲ್ಲ? ಬಿಚ್ಚಿದರೆ ಮುಹೂರ್ತಕ್ಕೆ ಮಂಟಪ ಮುಟ್ಟಬಹುದು. ಬಿಚ್ಚದಿದ್ದರೆ ಇಲ್ಲೇ. ಕೈ ತೆಗೆದೆ, ಮತ್ತೆ ಹಾಕಿದೆ, ಮತ್ತೆ ತೆಗೆದೆ.

ಬಾಗೇವಾಡಿಯ ಬಸ್ಸು ಬಂದು ನಿಧಾನ ಮಾಡಿತು. "ಬರ್ತೀರೇನ್ರಿ?" ಎಂದು ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗಿದ. ಬಾಸಿಂಗ ಬಿಚ್ಚುವ ಅಗತ್ಯವೇ ಇರಲಿಲ್ಲ. ಹತ್ತಿ ಕೂತಿದ್ದರೆ ಮುಗಿಯುತ್ತಿತ್ತು. ನಾನು ತೆರೆದ ಛಾವಣಿ ನೋಡಿದೆ, ಬೂದು ಬಣ್ಣದ ಚರ್ಮದ ಸೀಟು ನೋಡಿದೆ, ಗೌಡರ ಮುಖ ನೆನೆದೆ.

"ಇಲ್ರಿ, ಗಾಡಿ ಐತಿ," ಎಂದೆ.

ಅಕ್ಕಿಕಾಳು ಬಿದ್ದದ್ದನ್ನು ನಾನು ಮೊಬೈಲಿನಲ್ಲಿ ನೋಡಿದೆ. ಶಾಂತಾ ವಿಡಿಯೋ ಕಾಲ್ ಹಚ್ಚಿ ಯಾರ ಕೈಗೋ ಕೊಟ್ಟಿದ್ದಳು. ಆ ಪುಣ್ಯಾತ್ಮ ಅರ್ಧ ಹೊತ್ತು ಪೆಂಡಾಲಿನ ಬಟ್ಟೆ ತೋರಿಸಿದ. ರೂಪಾ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು. ಹಿಂದೆ ಗೌಡರು ನಿಂತಿದ್ದರು. ಓಲಗ ಜೋರಾಯಿತು. ನನ್ನ ಕೈಯಲ್ಲಿ ಕಾಳಿರಲಿಲ್ಲ. ಸೀಟಿನ ಮೇಲೆ ಬಿದ್ದಿದ್ದ ನಾಲ್ಕು ಚುರುಮುರಿ ಆರಿಸಿ ಫೋನಿನ ಮೇಲೆ ಹಾಕಿದೆ. ಆಮೇಲೆ ರಸ್ತೆಯ ಬದಿಗೆ ಕೂತು ಅತ್ತೆ. ಇದರಲ್ಲಿ ಹಾಸ್ಯವೇನೂ ಇಲ್ಲ.

ಎದ್ದು ಬಾಸಿಂಗ ಬಿಚ್ಚಿದೆ. ಗುಂಡಿ ಒತ್ತಿದೆ. ಗಾಡಿ ಗುರ್ ಎಂದಿತು! ಬಾಗೇವಾಡಿಯವರೆಗೆ ಎಲ್ಲೂ ನಿಲ್ಲದೆ, ಒಂದು ಸದ್ದಿಲ್ಲದೆ, ಬೆಣ್ಣೆಯ ಮೇಲೆ ಹೋದಂತೆ ಹೋಯಿತು.

ಮಂಟಪದಲ್ಲಿ ಊಟದ ಪಂಕ್ತಿ ನಡೆದಿತ್ತು. ಗೌಡರು ಓಡಿ ಬಂದು ನನ್ನನ್ನು ದಾಟಿ ಹೋಗಿ ಗಾಡಿಯ ಮೈ ಸವರಿದರು. ಶಾಂತಾ ನನ್ನನ್ನು ಕಂಡವಳೇ ಬಡಿಸಲು ಹೋದಳು. ಅಜ್ಜಿ ಮಾತ್ರ, "ಬಾಸಿಂಗ ನಡುವ ಬಿಚ್ಚಿಲ್ಲಲ್ಲೋ ಬೀಗಾ?" ಎಂದು ಕೇಳಿ, ಇಲ್ಲವೆಂದ ಮೇಲೆ "ಶಾಣ್ಯಾ" ಎಂದರು. ಆ ದಿನ ನನ್ನನ್ನು ಹೊಗಳಿದವರು ಅವರೊಬ್ಬರೇ. ರೂಪಾ ನನ್ನ ಮುಖ ನೋಡಿ ಏನೋ ಹೇಳಲು ಹೋಗಿ, "ಉಂಡಿ ಏನಪ್ಪಾ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಆಲ್ಬಮ್ ಬಂತು. ಅಕ್ಕಿಕಾಳಿನ ಫೋಟೊದಲ್ಲಿ ತಂದೆಯೇ ಇಲ್ಲದಿದ್ದರೆ ಚೆಂದ ಕಾಣುವುದಿಲ್ಲವೆಂದು ಫೋಟೊದವನು ತಾನಾಗಿಯೇ ಗೌಡರನ್ನು ತೆಗೆದು ಕಂಪ್ಯೂಟರಿನಲ್ಲಿ ನನ್ನನ್ನು ಮಗಳ ಹಿಂದೆ ನಿಲ್ಲಿಸಿದ್ದಾನೆ. ಅವನಿಗೆ ಸಿಕ್ಕ ನನ್ನ ಫೋಟೊ ಒಂದೇ, ಅಂದು ನಸುಕಿನಲ್ಲಿ ನಾನು ಗಾಡಿಯ ಬಾನೆಟ್ಟಿನ ಮೇಲೆ ಕೈಯೂರಿ, ಹಲ್ಲು ಕಿರಿದು ತೆಗೆಸಿಕೊಂಡಿದ್ದು. ಗಾಡಿಯನ್ನು ಅಳಿಸಿದ್ದಾನೆ. ನನ್ನನ್ನು ಹಾಗೇ ಬಿಟ್ಟಿದ್ದಾನೆ. ಎಲ್ಲರೂ ಕಾಳು ತೂರುತ್ತಿರುವಾಗ ನಾನು ಒಬ್ಬನೇ ಗಾಳಿಯ ಮೇಲೆ ಕೈಯೂರಿ ನಗುತ್ತಾ ನಿಂತಿದ್ದೇನೆ.

ರೂಪಾಳ ಅತ್ತೆ ಆಲ್ಬಮ್ ಮೇಲೆ ಬಾಗಿ ನೋಡಿದರು. "ನಿಮ್ಮಪ್ಪ ಏನ್ ಹಿಡಕೊಂಡು ನಿಂತಾರವಾ ಇಲ್ಲಿ?"

ರೂಪಾ ಹಾಳೆ ತಿರುವಿದಳು.

"ಗಾಡಿರಿ," ಎಂದಳು.